ನೆತ್ತರಿನ ತಳವಾರ

ಕಲಾ ವಿಭಾಗದ ವಿದ್ಯಾರ್ಥಿಯೊಬ್ಬನು ರಕ್ತದ ಕ್ಯಾನ್ಸರಿನಂಥ ವಿಷಯವನ್ನು ಕುರಿತು ಬರೆಯಹೊರಡುವುದು ಅಧಿಕಪ್ರಸಂಗವೆಂದು ವಾಚಕರಿಗೆ ತೋರಿದರೆ ಅದು ಸಹಜವೇ. ಇತಿಹಾಸ, ಅರ್ಥಶಾಸ್ತ್ರ ಮತ್ತು ಐಚ್ಛಿಕ ಕನ್ನಡ ನನ್ನ ಪಾಠವಿಷಯಗಳು. ಜೀವಶಾಸ್ತ್ರವನ್ನು ಹತ್ತನೆಯ ತರಗತಿಯಲ್ಲಿಯೇ ಕೈಬಿಟ್ಟವನು ನಾನು. ಆದರೆ ಈ ವಿಷಯವನ್ನು ನಾನು ಹುಡುಕಿಕೊಂಡು ಹೋದದ್ದಲ್ಲ. ಅದೇ ನಮ್ಮ ವಠಾರದ ಬಾಗಿಲಿಗೆ ಬಂದಿತು.

ಮೂಡಲಪಾಳ್ಯದಲ್ಲಿ ನಾವಿರುವ ವಠಾರದಲ್ಲಿ ಆರು ಮನೆಗಳಿವೆ. ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ ಆದುದರಿಂದ, ಇಂಗ್ಲಿಷಿನಲ್ಲಿ ಬಂದ ಕಾಗದ, ಬ್ಯಾಂಕಿನ ನೋಟೀಸಾಗಲಿ ವಿಮೆಯ ಪತ್ರವಾಗಲಿ, ನನ್ನ ಕೈಗೆ ಬರುವುದು ರೂಢಿ. ಕಳೆದ ಆಷಾಢದಲ್ಲಿ ಎದುರು ಮನೆಯ ಅಕ್ಕ ನಾಲ್ಕು ಪುಟದ ಒಂದು ವರದಿಯನ್ನು ತಂದರು. ಅವರ ಯಜಮಾನರು ಲೇತ್ ಯಂತ್ರದ ಕೆಲಸಗಾರರು. ಒಂದು ತಿಂಗಳಿಂದ ಅವರಿಗೆ ಸುಸ್ತು, ಹಲ್ಲುಜ್ಜಿದರೆ ಒಸಡಿನಲ್ಲಿ ರಕ್ತ, ಮೈಮೇಲೆ ಅಲ್ಲಲ್ಲಿ ಕಾರಣವಿಲ್ಲದೆ ನೀಲಿ ಕಲೆ, ಬಿಟ್ಟುಬಿಟ್ಟು ಜ್ವರ. ಆಸ್ಪತ್ರೆಯಲ್ಲಿ ಸೊಂಟದ ಎಲುಬಿನಿಂದ ಮಜ್ಜೆ ತೆಗೆದು ಪರೀಕ್ಷೆಗೆ ಕಳುಹಿಸಿದ್ದರು.

"ತಮ್ಮಾ, ಇದ್ರಲ್ಲಿ ಏನು ಬರ್ದವ್ರೆ ನೋಡಪ್ಪ. ಡಾಕ್ಟ್ರು ಸೋಮವಾರ ಬನ್ನಿ ಅಂದವ್ರೆ. ಅಲ್ಲೀಗಂಟ ತಡ್ಕಳಕ್ಕಾಗಲ್ಲ" ಎಂದರು.

ವರದಿಯ ಕೊನೆಯ ಪುಟದಲ್ಲಿ ಒಂದು ಪಟ್ಟಿಯಿತ್ತು. 'ಎನ್.ಪಿ.ಎಂ.೧' ಎಂಬುದರ ಎದುರಿಗೆ 'ಡಿಟೆಕ್ಟೆಡ್' ಎಂದೂ 'ಟಿ.ಪಿ.೫೩' ಎಂಬುದರ ಎದುರಿಗೆ 'ನಾಟ್ ಡಿಟೆಕ್ಟೆಡ್' ಎಂದೂ ಅಚ್ಚಾಗಿತ್ತು. ಮೊಬೈಲಿನಲ್ಲಿ ಹುಡುಕಿ ನೋಡಿದೆ. ಟಿ.ಪಿ.೫೩ ಎಂಬುದು ಕ್ಯಾನ್ಸರ್ ಬಾರದಂತೆ ಕಾಯುವ ಒಂದು ಪ್ರೋಟೀನಿನ ಜೀನು ಎಂದು ತಿಳಿಯಿತು. ಅಷ್ಟರಿಂದಲೇ ಪಂಡಿತನಾದೆನೆಂದು ಭಾವಿಸಿ, "ಅಕ್ಕಾ, ಕ್ಯಾನ್ಸರನ್ನು ತಡೆಯುವ ವಸ್ತು ಅಣ್ಣನ ರಕ್ತದಲ್ಲಿ ಕಂಡುಬಂದಿಲ್ಲವಂತೆ" ಎಂದುಬಿಟ್ಟೆ. ಅವರು ಸೆರಗಿನಿಂದ ಮುಖ ಮುಚ್ಚಿಕೊಂಡು ಅಲ್ಲಿಯೇ ಜಗುಲಿಯ ಮೇಲೆ ಕುಳಿತರು. ಎರಡು ದಿನ ಆ ಮನೆಯಲ್ಲಿ ಒಲೆ ಹೊತ್ತಿದ ಹಾಗೆ ಕಾಣಲಿಲ್ಲ.

ಸೋಮವಾರ ವೈದ್ಯರು ಹೇಳಿದ್ದು ನಾನು ಹೇಳಿದ್ದಕ್ಕೆ ಪೂರ್ತಿ ತಲೆಕೆಳಗು. ಕಂಡುಬರಲಿಲ್ಲವೆಂದು ಬರೆದದ್ದು ಆ ಪ್ರೋಟೀನನ್ನು ಕುರಿತಲ್ಲ, ಅದರ ಜೀನಿನಲ್ಲಿ ಆಗಬಹುದಾಗಿದ್ದ ವಿಕೃತಿಯನ್ನು ಕುರಿತು. ಕಾವಲುಗಾರನು ಕೆಟ್ಟಿಲ್ಲವೆಂಬುದು ಅದರ ಅರ್ಥ; ಅದು ಒಳ್ಳೆಯ ಸುದ್ದಿ. ನನ್ನ ತಪ್ಪಿಗೆ ಪ್ರಾಯಶ್ಚಿತ್ತವಾಗಿ ಆ ಬಳಿಕ ಕಾಲೇಜಿನ ಪುಸ್ತಕಭಂಡಾರದಲ್ಲಿಯೂ ಕಬ್ಬನ್ ಪಾರ್ಕಿನ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದ ಗ್ರಂಥಾಲಯದಲ್ಲಿಯೂ ಕುಳಿತು ಓದಿದೆ. ಓದಿದಷ್ಟೂ ಒಂದು ಪ್ರಶ್ನೆ ನನ್ನನ್ನು ಕಾಡಿತು. ಕಾವಲುಗಾರನು ಕೆಡದೆ ಇದ್ದಮೇಲೆ ಮನೆಯಲ್ಲಿ ಕಳವು ಆದದ್ದು ಹೇಗೆ? ಈ ಲೇಖನವು ಆ ಪ್ರಶ್ನೆಯ ಹಿಂದೆ ಹೋದದ್ದರ ಫಲ.

ಮೊದಲು ರಕ್ತ ಹುಟ್ಟುವ ಬಗೆಯನ್ನು ಹೇಳಬೇಕು. ನಮ್ಮ ಎಲುಬುಗಳ ಒಳಗಿನ ಮಜ್ಜೆಯಲ್ಲಿ ಆಕರಕೋಶಗಳೆಂಬ ಮೂಲ ಜೀವಕೋಶಗಳಿವೆ. ರಕ್ತದ ಸಮಸ್ತ ಕಣಗಳಿಗೂ ಅವೇ ತಾಯಿ. ಕೆಂಪು ಕಣವೊಂದರ ಆಯುಸ್ಸು ಸುಮಾರು ೧೨೦ ದಿನ. ಸತ್ತವುಗಳ ಸ್ಥಾನ ತುಂಬುವುದಕ್ಕಾಗಿ ಮಜ್ಜೆಯು ದಿನವೊಂದಕ್ಕೆ ಸುಮಾರು ೨೦,೦೦೦ ಕೋಟಿ ಕೆಂಪು ಕಣಗಳನ್ನು ಹೊಸದಾಗಿ ಮಾಡಬೇಕಾಗುತ್ತದೆ. ಆಶ್ಚರ್ಯವೆಂದರೆ ಇಷ್ಟೆಲ್ಲಕ್ಕೂ ಮೂಲವಾದ ಆಕರಕೋಶಗಳು ಬಹುಕಾಲ ಸುಮ್ಮನೆ ನಿದ್ರಿಸುತ್ತಿರುತ್ತವೆ. ಅಗತ್ಯ ಬಿದ್ದಾಗ ಮಾತ್ರ ಎದ್ದು ಒಡೆದು ಎರಡಾಗುತ್ತವೆ. ಈ ನಿದ್ರೆಯ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಅದು ಮತ್ತೆ ಬರುತ್ತದೆ.

ರಕ್ತದ ಕ್ಯಾನ್ಸರಿನಲ್ಲಿ ಆಗುವುದೇನೆಂದರೆ, ಬಲಿತು ಕೆಲಸಕ್ಕೆ ಬರಬೇಕಾದ ಬಿಳಿ ಕಣಗಳು ಎಳಸಾಗಿಯೇ ಉಳಿದು, ಬಲಿಯದೆ, ಸಾಯದೆ ಹೆಚ್ಚುತ್ತಾ ಹೋಗುತ್ತವೆ. ೧೮೪೭ರಲ್ಲಿ ಜರ್ಮನಿಯ ವಿರ್ಕೋ ಎಂಬ ವೈದ್ಯನು ಇದಕ್ಕೆ 'ಬಿಳಿ ರಕ್ತ' ಎಂಬರ್ಥದ ಗ್ರೀಕ್ ಮಾತುಗಳಿಂದ ಲ್ಯುಕೀಮಿಯಾ ಎಂಬ ಹೆಸರು ಕೊಟ್ಟನು. ಇದು ಹೊಲಕ್ಕೆ ಹೊರಗಿನಿಂದ ಬಂದ ಕಳೆಯಲ್ಲ. ಪೈರೇ ಕಳೆಯಾಗಿ ತೆನೆ ಬಿಡದೆ ಬರಿಯ ಗರಿಯಾಗಿ ಹಬ್ಬಿದ ಹಾಗೆ. ಜಾಗವನ್ನೆಲ್ಲ ಅವು ಆಕ್ರಮಿಸಿದ ಮೇಲೆ ಕೆಂಪು ಕಣಕ್ಕೆ ಎಡೆಯಿಲ್ಲದೆ ಸುಸ್ತು, ರಕ್ತ ಹೆಪ್ಪುಗಟ್ಟಿಸುವ ಕಣಕ್ಕೆ ಎಡೆಯಿಲ್ಲದೆ ಒಸಡಿನ ರಕ್ತಸ್ರಾವ, ಒಳ್ಳೆಯ ಬಿಳಿ ಕಣಕ್ಕೆ ಎಡೆಯಿಲ್ಲದೆ ಜ್ವರ. ಅಣ್ಣನಿಗೆ ಆದುದೆಲ್ಲವೂ ಹೀಗೆಯೇ.

ಪೈರು ಕಳೆಯಾಗುವುದೇಕೆ? ಜೀವಕೋಶವೊಂದು ಒಡೆದು ಎರಡಾಗುವಾಗ ತನ್ನಲ್ಲಿರುವ ಡಿ.ಎನ್.ಎ. ಎಂಬ ಲಿಪಿಯನ್ನು, ಸುಮಾರು ೬೦೦ ಕೋಟಿ ಅಕ್ಷರಗಳನ್ನು, ಇಡಿಯಾಗಿ ನಕಲು ಮಾಡಬೇಕು. ನಮ್ಮ ಕಾಲೇಜಿನ ಈ ಸಂಚಿಕೆಯ ಕರಡು ತಿದ್ದಿದವರಿಗೆ ಅದರ ಕಷ್ಟ ಗೊತ್ತು! ಲಕಾರವಿರಬೇಕಾದಲ್ಲಿ ಳಕಾರ ಬಿದ್ದರೆ 'ಹಾಲು' ಹೋಗಿ 'ಹಾಳು' ಆಗುತ್ತದೆ. ಉಳಿದೆಲ್ಲ ಅಕ್ಷರ ಸರಿಯಾಗಿದ್ದರೂ ಅರ್ಥ ಕೆಟ್ಟಿತು. ಇದು ಒಂದು ಬಗೆಯ ವಿಕೃತಿ. ಇನ್ನೊಂದು ಬಗೆ ಇದಕ್ಕಿಂತ ವಿಚಿತ್ರ. ಡಿ.ಎನ್.ಎ. ಲಿಪಿಯನ್ನು ಕೋಶವು ಮೂರು ಮೂರು ಅಕ್ಷರಗಳಾಗಿ ಓದುತ್ತದೆ. 'ಅವನು ಬೆಳಗೆ ಮನೆಗೆ ಬರಲಿ' ಎಂಬ ವಾಕ್ಯದಲ್ಲಿ ಮೊದಲ ಪದದ ಬಳಿಕ ಒಂದು 'ಕ' ನುಸುಳಿತೆನ್ನಿ. ಓದುವವನು ಮೂರಕ್ಷರಕ್ಕೊಮ್ಮೆ ನಿಲ್ಲಿಸುವವನಾದ್ದರಿಂದ 'ಅವನು ಕಬೆಳ ಗೆಮನೆ ಗೆಬರ ಲಿ' ಎಂದಾಗುತ್ತದೆ. ನುಸುಳಿದ್ದು ಒಂದು ಅಕ್ಷರ. ಅಲ್ಲಿಂದ ಮುಂದಿನದೆಲ್ಲ ಗೊಂದಲ.

ಇಂಥ ತಪ್ಪುಗಳು ನಮ್ಮ ಮೈಯಲ್ಲಿ ನಿತ್ಯವೂ ಆಗುತ್ತಿರುತ್ತವೆ. ಹೆಚ್ಚಿನವು ನಿರಪಾಯ. ಅಪಾಯವಾದವು ಎರಡು ತೆರ. ಕೋಶವನ್ನು ಬೆಳೆ ಬೆಳೆ ಎಂದು ನೂಕುವ ಜೀನು ಚಾಲೂ ಆದಲ್ಲಿಯೇ ಸಿಕ್ಕಿಕೊಳ್ಳುವುದು ಒಂದು. ನಿಲ್ಲು ಎನ್ನುವ ಜೀನು ನಾಶವಾಗುವುದು ಇನ್ನೊಂದು. ಮೊದಲನೆಯದಕ್ಕೆ ಪ್ರಸಿದ್ಧ ನಿದರ್ಶನವೆಂದರೆ ೧೯೬೦ರಲ್ಲಿ ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ ಕಂಡ, ಆ ನಗರದ ಹೆಸರನ್ನೇ ಪಡೆದ ವರ್ಣತಂತು. ೯ನೆಯ ಮತ್ತು ೨೨ನೆಯ ವರ್ಣತಂತುಗಳು ತುಂಡು ಬದಲಾಯಿಸಿಕೊಂಡು ಅದು ಆಗುತ್ತದೆಂದು ೧೯೭೩ರಲ್ಲಿ ಜ್ಯಾನೆಟ್ ರೌಲಿ ಎಂಬ ವಿದುಷಿ ತೋರಿಸಿಕೊಟ್ಟರು. ಅದರ ಆರ್ಭಟವನ್ನು ಅಡಗಿಸುವ ಇಮ್ಯಾಟಿನಿಬ್ ಎಂಬ ಗುಳಿಗೆ ೨೦೦೧ರಲ್ಲಿ ಬಂದಿತು. ಅದರ ಪೇಟೆಂಟಿನ ವ್ಯಾಜ್ಯದಲ್ಲಿ ನಮ್ಮ ಸುಪ್ರೀಂ ಕೋರ್ಟು ೨೦೧೩ರ ಏಪ್ರಿಲ್ ೧ರಂದು ಕೊಟ್ಟ ತೀರ್ಪಿನಿಂದ ಭಾರತದ ಕಂಪನಿಗಳು ಅದನ್ನು ಅಗ್ಗವಾಗಿ ಮಾಡುವುದು ಮುಂದುವರಿಯಿತು. ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಅದೇ ಒಂದು ಪ್ರತ್ಯೇಕ ಲೇಖನದ ವಸ್ತು.

ಆದರೆ ಎರಡನೆಯ ತೆರನಾದ ಕೇಡಿಗೆ ಹೀಗೆ ಗುಳಿಗೆ ಮಾಡುವುದು ಸುಲಭವಲ್ಲ. ಇಲ್ಲದ ಆರ್ಭಟವನ್ನು ಅಡಗಿಸುವುದು ಹೇಗೆ? ಕಳೆದುಹೋದದ್ದನ್ನು ತಂದಿಡಬೇಕಾಗುತ್ತದೆ.

ನಿಲ್ಲು ಎನ್ನುವ ಈ ಪ್ರೋಟೀನುಗಳನ್ನು ಅರ್ಬುದನಿರೋಧಕಗಳೆನ್ನಬಹುದು. ಒಂದೊಂದು ಜೀನೂ ತಾಯಿಯಿಂದ ಒಂದು, ತಂದೆಯಿಂದ ಒಂದು ಎಂದು ಎರಡು ಪ್ರತಿಗಳಾಗಿ ನಮ್ಮಲ್ಲಿರುತ್ತದೆ. ಎರಡೂ ಕೆಟ್ಟ ಮೇಲೆಯೇ ಕಾವಲು ತಪ್ಪುತ್ತದೆ ಎಂಬುದನ್ನು ೧೯೭೧ರಲ್ಲಿ ಆಲ್ಫ್ರೆಡ್ ನುಡ್ಸನ್ ಎಂಬಾತನು ಮಕ್ಕಳ ಕಣ್ಣಿನ ಕ್ಯಾನ್ಸರಿನ ೪೮ ರೋಗಿಗಳ ವಿವರಗಳಿಂದ ಊಹಿಸಿದನು. ಅರ್ಬುದನಿರೋಧಕಗಳಲ್ಲೆಲ್ಲ ಮುಖ್ಯವಾದದ್ದು ನಮ್ಮ ವರದಿಯಲ್ಲಿದ್ದ ಟಿ.ಪಿ.೫೩ ಜೀನಿನಿಂದ ಆಗುವ ಪಿ೫೩ ಎಂಬುದು. ೧೯೭೯ರಲ್ಲಿ ಅದು ಮೊದಲು ಸಿಕ್ಕಾಗ ಕ್ಯಾನ್ಸರನ್ನು ತರುವುದೇ ಅದೆಂದು ವಿಜ್ಞಾನಿಗಳು ತಿಳಿದಿದ್ದರು! ಅವರ ಕೈಗೆ ಸಿಕ್ಕಿದ್ದ ಮಾದರಿಗಳು ಕೆಟ್ಟ ಪ್ರತಿಗಳಾಗಿದ್ದುವು. ಅದು ಕಳ್ಳನಲ್ಲ, ಕಾವಲುಗಾರನೆಂದು ಖಚಿತವಾಗಲು ೧೯೮೯ ಬರಬೇಕಾಯಿತು. ಹತ್ತು ವರ್ಷ ಪಂಡಿತರೇ ತಲೆಕೆಳಗಾಗಿ ಓದಿದ್ದರೆಂದು ತಿಳಿದಾಗ ನನಗೆ ಸ್ವಲ್ಪ ಸಮಾಧಾನವಾಯಿತೆಂದು ಒಪ್ಪಿಕೊಳ್ಳುತ್ತೇನೆ. ಅದರ ಹೆಸರಿನಲ್ಲಿರುವ ೫೩ ಎಂಬ ಅಂಕಿಯೂ ಸರಿಯಲ್ಲ. ಅದು ಅದರ ತೂಕವೆಂದು ಭಾವಿಸಿ ಇಟ್ಟದ್ದು. ನಿಜವಾದ ತೂಕ ೪೪ರ ಹತ್ತಿರ. ಹೆಸರಿನಲ್ಲಿ ಮೂಡಲವಿದ್ದೂ ನಮ್ಮ ಪಾಳ್ಯವು ಬೆಂಗಳೂರಿನ ಪಡುವಣ ಭಾಗದಲ್ಲಿ ಇಲ್ಲವೇ, ಹಾಗೆ.

ಹಿಂದೆ ಹಳ್ಳಿಗಳಲ್ಲಿ ತಳವಾರನಿರುತ್ತಿದ್ದನು. ಪಿ೫೩ರ ಕೆಲಸ ಅವನದರ ಹಾಗೆಯೇ. ಡಿ.ಎನ್.ಎ.ಯಲ್ಲಿ ಬಿರುಕು ಬಿಟ್ಟ ಸುದ್ದಿ ಮುಟ್ಟಿದೊಡನೆ ಅದು ಎದ್ದು, ಬೇರೆ ಜೀನುಗಳನ್ನು ತಟ್ಟಿ ಎಬ್ಬಿಸಿ, ಕೋಶದ ಬೆಳವಣಿಗೆಯನ್ನು ನಿಲ್ಲಿಸುತ್ತದೆ. ರಿಪೇರಿಗೆ ಕಾಲಾವಕಾಶ ಕೊಡುತ್ತದೆ. ರಿಪೇರಿ ಅಸಾಧ್ಯವಾದರೆ ಆ ಕೋಶ ತಾನಾಗಿ ಸಾಯುವಂತೆ ಮಾಡುತ್ತದೆ. ಇಷ್ಟು ಅಧಿಕಾರವುಳ್ಳವನು ಸದಾ ಊರಲ್ಲಿ ತಿರುಗುತ್ತಿದ್ದರೆ ಒಳ್ಳೆಯ ಕೋಶಗಳಿಗೂ ಉಳಿಗಾಲವಿಲ್ಲ. ಆದ್ದರಿಂದ ಶಾಂತಿಕಾಲದಲ್ಲಿ ಎಂ.ಡಿ.ಎಂ.೨ ಎಂಬ ಇನ್ನೊಂದು ಪ್ರೋಟೀನು ಪಿ೫೩ಕ್ಕೆ ನಾಶದ ಚೀಟಿಯನ್ನು ಅಂಟಿಸುತ್ತಲೇ ಇರುತ್ತದೆ. ಹುಟ್ಟಿದ ಪಿ೫೩ ಅರ್ಧ ಗಂಟೆಯೊಳಗೆ ಬಹುಮಟ್ಟಿಗೆ ಅಳಿಯುತ್ತದೆ. ಅಪಾಯದ ಸುದ್ದಿ ಬಂದಾಗ ಮಾತ್ರ ಈ ಚೀಟಿ ಅಂಟಿಸುವುದು ನಿಲ್ಲುತ್ತದೆ.

ಇನ್ನು ತಳವಾರನೇ ಕೆಟ್ಟರೆ? ಪಿ೫೩ ಎಂಬುದು ೩೯೩ ಮಣಿಗಳ ಸರ. ಅದರ ೨೪೮ನೆಯ ಮಣಿಯ ಅಕ್ಷರಗಳು 'ಸಿಜಿಜಿ'. ನಡುವಿನ 'ಜಿ' ಹೋಗಿ 'ಎ' ಬಂದರೆ ಅರ್ಜಿನೀನ್ ಎಂಬ ಮಣಿಯ ಬದಲು ಗ್ಲುಟಮೀನ್ ಬರುತ್ತದೆ. ಡಿ.ಎನ್.ಎ.ಯನ್ನು ಹಿಡಿಯುವ ಬೆರಳೇ ಆ ಮಣಿ. ಅದು ಹೋದರೆ ಹಿಡಿತವಿಲ್ಲ. ಇಷ್ಟಲ್ಲದೆ ಪಿ೫೩ ಒಂಟಿಯಾಗಿ ಕೆಲಸ ಮಾಡುವುದಿಲ್ಲ, ನಾಲ್ಕು ನಾಲ್ಕಾಗಿ ಜೊತೆಗೂಡಿ ಮಾಡುತ್ತದೆ. ಪಲ್ಲಕ್ಕಿ ಹೊರುವ ನಾಲ್ವರಲ್ಲಿ ಒಬ್ಬಿಬ್ಬರು ಕಾಲು ಕೆಟ್ಟವರಾದರೂ ಪಲ್ಲಕ್ಕಿ ಮುಂದೆ ಸಾಗದಷ್ಟೆ. ಹೀಗಾಗಿ ಒಂದು ಪ್ರತಿ ಕೆಟ್ಟರೂ ಅದು ಒಳ್ಳೆಯ ಪ್ರತಿಯ ಕೆಲಸವನ್ನು ಹಾಳುಮಾಡಬಲ್ಲುದು. ನುಡ್ಸನ್ನನ ಲೆಕ್ಕಕ್ಕೆ ಇದೊಂದು ಅಪವಾದ. ಮಜ್ಜೆಯ ರೋಗಗಳಲ್ಲಿ ಇದು ನಡೆಯುವುದನ್ನು ೨೦೧೯ರಲ್ಲಿ ತೋರಿಸಲಾಯಿತು.

ಇದರ ಪರಿಣಾಮ ಘೋರ. ಕ್ಯಾನ್ಸರಿನ ಔಷಧಗಳಲ್ಲಿ ಹಲವು ಡಿ.ಎನ್.ಎ.ಯನ್ನು ಒಡೆದು, ಆ ಸುದ್ದಿ ಪಿ೫೩ಗೆ ಮುಟ್ಟಿ, ಅದು ಕೋಶವನ್ನು ಕೊಲ್ಲುವುದರಿಂದಲೇ ಫಲಿಸತಕ್ಕವು. ತಳವಾರನಿಲ್ಲದ ಊರಿನಲ್ಲಿ ಡಂಗುರ ಹೊಡೆದು ಪ್ರಯೋಜನವೇನು? ಔಷಧದಿಂದ ಒಳ್ಳೆಯ ಕೋಶಗಳು ಸಾಯುತ್ತವೆ, ಪಿ೫೩ ಕೆಟ್ಟವು ಉಳಿದು ಬೆಳೆಯುತ್ತವೆ. ಬೇರೆ ಕ್ಯಾನ್ಸರಿಗೆ ಚಿಕಿತ್ಸೆ ಪಡೆದ ಕೆಲವರಿಗೆ ವರ್ಷಗಳ ಮೇಲೆ ರಕ್ತದ ಕ್ಯಾನ್ಸರ್ ಬರುವುದುಂಟು. ಅಂಥವರಲ್ಲಿ ಕೆಲವರ ಹಳೆಯ ಮಾದರಿಗಳನ್ನು ನೋಡಿದಾಗ, ಪಿ೫೩ ಕೆಟ್ಟ ಕೋಶಗಳು ಚಿಕಿತ್ಸೆಗೆ ಮುಂಚೆಯೇ ಅತ್ಯಲ್ಪವಾಗಿ ಇದ್ದುವೆಂದು ೨೦೧೫ರಲ್ಲಿ ಪ್ರಕಟವಾಯಿತು. ಔಷಧ ಅವನ್ನು ಹುಟ್ಟಿಸಿರಲಿಲ್ಲ, ಅವುಗಳ ನೆರೆಹೊರೆಯನ್ನು ಖಾಲಿ ಮಾಡಿತ್ತು. ವೈದ್ಯರು ಆ ಒಂದು ಸಾಲನ್ನು ಮೊದಲು ನೋಡುವುದು ಏಕೆಂದು ಈಗ ತಿಳಿಯಿತು.

ಇಲ್ಲಿಗೆ ನನ್ನ ಪ್ರಶ್ನೆ ಇನ್ನೂ ಉಳಿದೇ ಇದೆ. ಏಕೆಂದರೆ ರಕ್ತಸಂಬಂಧವಾದ ಕ್ಯಾನ್ಸರುಗಳಲ್ಲಿ ಪಿ೫೩ ಕೆಟ್ಟಿರುವುದು ನೂರಕ್ಕೆ ಸುಮಾರು ಹನ್ನೊಂದರಲ್ಲಿ ಮಾತ್ರ. ಉಳಿದ ಎಂಬತ್ತೊಂಬತ್ತರಲ್ಲಿ ತಳವಾರನು ಆರೋಗ್ಯವಾಗಿದ್ದಾನೆ, ಆದರೂ ಕಳವಾಗಿದೆ.

ಅಣ್ಣನ ವರದಿಯ ಇನ್ನೊಂದು ಸಾಲಿನಲ್ಲಿ ಉತ್ತರದ ಒಂದು ಭಾಗವಿದೆ. ಎನ್.ಪಿ.ಎಂ.೧ ಜೀನಿನಿಂದ ಆಗುವ ನ್ಯೂಕ್ಲಿಯೋಫಾಸ್ಮಿನ್ ಎಂಬ ಪ್ರೋಟೀನು ಕೋಶಕೇಂದ್ರದ ಒಳಗಿನ ಕಿರುಕೇಂದ್ರದಲ್ಲಿ ವಾಸಮಾಡತಕ್ಕದ್ದು. ವಯಸ್ಕರಿಗೆ ಬರುವ ತೀವ್ರ ಮಜ್ಜಾಮೂಲದ ರಕ್ತಕ್ಯಾನ್ಸರಿನಲ್ಲಿ ಮೂರರಲ್ಲಿ ಒಂದು ಪಾಲು ರೋಗಿಗಳಲ್ಲಿ ಇದು ಕೆಟ್ಟಿರುವುದೆಂದು ೨೦೦೫ರಲ್ಲಿ ಇಟಲಿಯ ಫಾಲಿನಿ ಮತ್ತು ಸಂಗಡಿಗರು ಕಂಡುಹಿಡಿದರು. ಸಾಧಾರಣವಾಗಿ ಜೀನಿನ ಕೊನೆಯ ಭಾಗದಲ್ಲಿ ನಾಲ್ಕು ಅಕ್ಷರಗಳು ಹೆಚ್ಚಾಗಿ ನುಸುಳಿರುತ್ತವೆ. ನಾಲ್ಕು ಮೂರರ ಗುಣಕವಲ್ಲವಾದ್ದರಿಂದ ನಾನು ಮೇಲೆ ಹೇಳಿದ 'ಕಬೆಳ ಗೆಮನೆ'ಯ ಗೊಂದಲ ಬಾಲದಲ್ಲಿ ಆಗುತ್ತದೆ. ಆ ಬಾಲವೇ ಪ್ರೋಟೀನನ್ನು ಕಿರುಕೇಂದ್ರಕ್ಕೆ ಕಟ್ಟಿಹಾಕುವ ಹಗ್ಗ. ಹಗ್ಗ ಹೋಗಿ, ಅದರ ಸ್ಥಾನದಲ್ಲಿ ಹುಟ್ಟಿದ ಹೊಸ ಬಾಲವು ಹೊರಗೆ ಹೋಗಲು ರಹದಾರಿಯಾಗುತ್ತದೆ! ಪ್ರೋಟೀನು ಕೇಂದ್ರವನ್ನು ಬಿಟ್ಟು ಹೊರಗಿನ ಕೋಶದ್ರವಕ್ಕೆ ಹೊರಡುತ್ತದೆ, ಹೋಗುವಾಗ ಎ.ಆರ್.ಎಫ್. ಎಂಬ ನೆರೆಯವನನ್ನೂ ಎಳೆದುಕೊಂಡು ಹೋಗುತ್ತದೆ. ಈ ಎ.ಆರ್.ಎಫ್. ಸಹ ಒಂದು ಅರ್ಬುದನಿರೋಧಕ. ಪಿ೫೩ಕ್ಕೆ ಚೀಟಿ ಅಂಟಿಸುವ ಎಂ.ಡಿ.ಎಂ.೨ರ ಕೈಯನ್ನು ಹಿಡಿಯುವುದೇ ಅದರ ಕೆಲಸ. ಹಿಡಿಯುವವನು ಊರಾಚೆ ಹೋದ ಮೇಲೆ ಚೀಟಿ ಅಂಟಿಸುವವನಿಗೆ ತಡೆಯಿಲ್ಲ. ಪಿ೫೩ರ ಜೀನಿನಲ್ಲಿ ಒಂದಕ್ಷರವೂ ಕೆಡದೆ ಅದರ ಬಲ ಕುಂದುತ್ತದೆ. ಕೆಟ್ಟ ನ್ಯೂಕ್ಲಿಯೋಫಾಸ್ಮಿನ್ ಮಾಡುವ ಹಾವಳಿ ಇದೊಂದೇ ಅಲ್ಲ. ಎಳೆಯ ಕೋಶಗಳು ಬಲಿಯದಂತೆ ಹಿಡಿದಿಡುವ ಕೆಲವು ಜೀನುಗಳನ್ನೂ ಅದು ಚಾಲನೆಯಲ್ಲಿಡುತ್ತದೆ. ಆದರೆ ಪಿ೫೩ ಮೂಲತಃ ಸ್ವಸ್ಥವಾಗಿ ಉಳಿದಿರುವುದರಿಂದ, ಬೇರೆ ಕೆಲವು ಕೆಟ್ಟ ವಿಕೃತಿಗಳು ಜೊತೆಗೂಡದಿದ್ದರೆ, ಇಂಥ ರೋಗಿಗಳು ಔಷಧಕ್ಕೆ ಚೆನ್ನಾಗಿಯೇ ಬಗ್ಗುತ್ತಾರೆ.

ಉತ್ತರದ ಇನ್ನೊಂದು ಭಾಗ ನನಗೆ ದೂರದ ದೇಶದ ಗ್ರಂಥದಲ್ಲಿ ಸಿಗಲಿಲ್ಲ. ನಮ್ಮ ಊರಿನ ಬಡಗಣ ಅಂಚಿನ ಜಕ್ಕೂರಿನಲ್ಲಿಯೇ ಸಿಕ್ಕಿತು. ಅಲ್ಲಿ ೧೯೮೯ರಲ್ಲಿ ಸ್ಥಾಪಿತವಾದ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವಿದೆ. ನ್ಯೂಕ್ಲಿಯೋಫಾಸ್ಮಿನ್ ಮತ್ತು ಪಿ೫೩ ಎರಡನ್ನೂ ಅಲ್ಲಿ ತಪಸ್ ಕುಂಡು ಅವರ ತಂಡ ಬಹುಕಾಲ ಅಭ್ಯಾಸ ಮಾಡಿದೆ. ಅದೇ ಕೇಂದ್ರದಲ್ಲಿ ಮನೀಷಾ ಇನಾಂದಾರ್ ಅವರ ತಂಡವು ರಕ್ತದ ಆಕರಕೋಶಗಳಲ್ಲಿರುವ ಒಂದು ಪ್ರೋಟೀನನ್ನು ಗುರುತಿಸಿ ಅದಕ್ಕೆ 'ಅಸೃಜ್' ಎಂದು ಹೆಸರಿಟ್ಟಿತು. ಅಮರಕೋಶವನ್ನು ಬಾಯಿಪಾಠ ಮಾಡಿದ ಮಿತ್ರರಿಗೆ ಈ ಪದ ಹೊಸದಲ್ಲ. ರಕ್ತದ ಪರ್ಯಾಯನಾಮಗಳಲ್ಲಿ 'ಅಸೃಕ್' ಒಂದು. ಪ್ರಪಂಚದ ಪ್ರಯೋಗಾಲಯಗಳಲ್ಲಿ ಈ ಸಂಸ್ಕೃತ ಪದ ಓಡಾಡುತ್ತಿರುವುದನ್ನು ಕಂಡು ಭಾಷಾವಿದ್ಯಾರ್ಥಿಯಾದ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಅವರು ಅಸೃಜ್ ಜೀನೇ ಇಲ್ಲದ ಇಲಿಗಳನ್ನು ಬೆಳೆಸಿದರು. ಅವು ನೋಡಲು ಸಾಧಾರಣ ಇಲಿಗಳಂತೆಯೇ ಇದ್ದು ಮರಿಯನ್ನೂ ಹಾಕಿದುವು. ಆದರೆ ಆರು ತಿಂಗಳ ಪ್ರಾಯಕ್ಕೆ ರಕ್ತದ ಕಣಗಳ ಸಂಖ್ಯೆ ಏರಿತು, ಗುಲ್ಮ ಊದಿಕೊಂಡಿತು, ಮಜ್ಜೆಯಲ್ಲಿ ಆಕರಕೋಶಗಳು ಹೆಚ್ಚಿದುವು. ನಿದ್ರಿಸಬೇಕಾದ ಕೋಶಗಳು ನಿದ್ರೆಗೆಟ್ಟು ಒಡೆಯತೊಡಗಿದ್ದುವು. ಪಿ೫೩ರ ಜೀನು ಹೇಗಿತ್ತೋ ಹಾಗೆಯೇ ಇತ್ತು. ಪಿ೫೩ ಪ್ರೋಟೀನು ಮಾತ್ರ ಕಡಮೆಯಾಗಿತ್ತು. ಕಾರಣ ಹುಡುಕಿದಾಗ ತಿಳಿದದ್ದೇನೆಂದರೆ, ಪಿ೫೩ರ ನಾಶಕ್ಕೆ ನೆರವಾಗುವ ಸಿ.ಎಸ್.ಎನ್.೫ ಎಂಬ ಒಂದು ಪ್ರೋಟೀನಿದೆ. ಅಸೃಜ್ ಅದನ್ನು ಅಪ್ಪಿ ಹಿಡಿದಿಟ್ಟುಕೊಂಡಿರುತ್ತದೆ. ಅಸೃಜ್ ಇಲ್ಲವಾದೊಡನೆ ಸಿ.ಎಸ್.ಎನ್.೫ ಸ್ವೇಚ್ಛೆಯಾಗಿ ಪಿ೫೩ರ ಮೇಲೆ ಬೀಳುತ್ತದೆ. ೨೦೧೯ರಲ್ಲಿ 'ಬ್ಲಡ್' ಎಂಬ ಪತ್ರಿಕೆಯಲ್ಲಿ ಈ ಸಂಶೋಧನೆ ಅಚ್ಚಾಯಿತು.

ಇದರಲ್ಲಿ ನನ್ನ ಮನಸ್ಸನ್ನು ಸೆಳೆದ ಭಾಗ ಮುಂದಿನದು. ಪಿ೫೩ ಮತ್ತು ಎಂ.ಡಿ.ಎಂ.೨ ಒಂದಕ್ಕೊಂದು ತಗುಲದಂತೆ ನಡುವೆ ನಿಲ್ಲುವ ನಟ್ಲಿನ್ ಎಂಬ ರಾಸಾಯನಿಕವಿದೆ. (ಅಮೆರಿಕದ ನಟ್ಲಿ ಎಂಬ ಊರಿನಲ್ಲಿ ಸಿದ್ಧವಾದದ್ದರಿಂದ ಆ ಹೆಸರು; ಒಂದಕ್ಕೆ ಅಮರಕೋಶದ ಹೆಸರು, ಇನ್ನೊಂದಕ್ಕೆ ಊರ ಹೆಸರು!) ಅದನ್ನು ಈ ಇಲಿಗಳಿಗೆ ಕೊಟ್ಟಾಗ ಪಿ೫೩ ಮತ್ತೆ ಮೊದಲಿನ ಮಟ್ಟಕ್ಕೆ ಬಂದಿತು, ಹೆಚ್ಚಿದ್ದ ಮೂಲಕೋಶಗಳು ಇಳಿದುವು. ಕಳೆದುಹೋದದ್ದನ್ನು ತಂದಿಡುವುದು ಕಷ್ಟವೆಂದು ಮೇಲೆ ಹೇಳಿದೆನಷ್ಟೆ. ತಳವಾರನು ಸತ್ತಿದ್ದರೆ ಅದು ನಿಜ. ಕಟ್ಟಿಹಾಕಲ್ಪಟ್ಟಿದ್ದರೆ ಕಟ್ಟು ಬಿಚ್ಚಬಹುದು. ಆ ಎಂಬತ್ತೊಂಬತ್ತು ಮಂದಿಯ ವಿಷಯದಲ್ಲಿ ಆಸೆಗೆ ಎಡೆಯಿರುವುದು ಇಲ್ಲಿಯೇ.

ಆಸೆಯನ್ನು ಅತಿಯಾಗಿ ಹೇಳಬಾರದು. ಇಲಿಗಳಿಗೆ ಆದದ್ದು ಪೂರ್ಣ ಲ್ಯುಕೀಮಿಯಾ ಅಲ್ಲ, ರಕ್ತದ ಕಣಗಳು ಮಿತಿಮೀರಿ ಹೆಚ್ಚುವ ರೋಗಗಳನ್ನು ಹೋಲುವ ಸ್ಥಿತಿ. ನಟ್ಲಿನ್ನಿನ ವಂಶದ ಐಡಾಸನಟ್ಲಿನ್ ಎಂಬ ಔಷಧವನ್ನು ಮನುಷ್ಯರಲ್ಲಿ ಪರೀಕ್ಷಿಸಿದ್ದಾರೆ. ರೋಗ ಮರುಕಳಿಸಿದವರಿಗೂ ಮೊದಲ ಚಿಕಿತ್ಸೆಗೆ ಬಗ್ಗದವರಿಗೂ ಅದನ್ನು ಕೊಟ್ಟು ನೋಡಿದ ದೊಡ್ಡ ಪರೀಕ್ಷೆಯ ಫಲಿತಾಂಶ ೨೦೨೨ರಲ್ಲಿ ಹೊರಬಿದ್ದಿತು, ಆಯುಸ್ಸು ಹೆಚ್ಚಲಿಲ್ಲ. ಇಲಿಗೂ ಮನುಷ್ಯನಿಗೂ ನಡುವೆ ದಾರಿ ದೂರವಿದೆ.

ಅಕ್ಕ ಕೇಳಿದ ಪ್ರಶ್ನೆಗಳು ಇವಾವುವೂ ಅಲ್ಲ. ಅವರದು ಎರಡೇ. ಯಾವ ತಪ್ಪಿಗೆ ಬಂತು? ಮಕ್ಕಳಿಗೂ ಬರುತ್ತದೆಯೇ? ಅಣುಬಾಂಬು ಬಿದ್ದ ಹಿರೋಷಿಮಾದಲ್ಲಿ ಬದುಕಿ ಉ‍ಳಿದವರಲ್ಲಿ ಈ ರೋಗ ಹೆಚ್ಚಿದುದುಂಟು. ಬೆಂಜೀನ್ ಎಂಬ ದ್ರಾವಕದ ಆವಿಯಿಂದಲೂ ಹೊಗೆಸೊಪ್ಪಿನಿಂದಲೂ ಹೆಚ್ಚುವುದುಂಟು. ಆದರೂ ಬಹುಪಾಲು ರೋಗಿಗಳಲ್ಲಿ ಇಂಥದೇ ಕಾರಣವೆಂದು ಬೆರಳಿಟ್ಟು ತೋರಿಸಲಾಗದು. ನಕಲು ಮಾಡುವಾಗ ತಪ್ಪು ಬಿದ್ದಿರುತ್ತದೆ, ಅಷ್ಟೆ. ಎರಡನೆಯ ಪ್ರಶ್ನೆಗೆ ಈ ಸಲ ನಾನು ಸ್ವಂತ ಪಾಂಡಿತ್ಯ ತೋರದೆ, ಅವರ ಜೊತೆ ಆಸ್ಪತ್ರೆಗೆ ಹೋಗಿ ವೈದ್ಯರನ್ನೇ ಕೇಳಿದೆ. ಪಿ೫೩ರ ವಿಕೃತಿ ಕೆಲವು ಮನೆತನಗಳಲ್ಲಿ ಹುಟ್ಟಿನಿಂದ ಬರುವುದುಂಟು. ಮಕ್ಕಳ ಒಂದು ಬಗೆಯ ರಕ್ತಕ್ಯಾನ್ಸರಿನಲ್ಲಿ ಅದಕ್ಕಾಗಿ ಹೆತ್ತವರನ್ನೂ ಪರೀಕ್ಷಿಸುತ್ತಾರೆ. ಅಣ್ಣನದು ಹಾಗಲ್ಲ. ಎನ್.ಪಿ.ಎಂ.೧ರ ತಪ್ಪು ಅವರು ದೊಡ್ಡವರಾದ ಮೇಲೆ ಮಜ್ಜೆಯ ಒಂದು ಕೋಶದಲ್ಲಿ ಬಿದ್ದದ್ದು. ಮಕ್ಕಳಿಗೆ ಹೋಗುವಂಥದಲ್ಲ ಎಂದರು.

"ಅಂಗಾದ್ರೆ ಹುಡುಗೀರ ರಕ್ತ ತೆಗ್ಸೋದು ಬ್ಯಾಡ್ವಾ, ಡಾಕ್ಟ್ರೇ?" ಎಂದು ಅಕ್ಕ ಎರಡು ಸಲ ಕೇಳಿದರು. ಅದಕ್ಕೆಂದು ಸಾಸಿವೆ ಡಬ್ಬಿಯಲ್ಲಿ ಹಣ ಕೂಡಿಡುತ್ತಿದ್ದರೆಂದು ನನಗೆ ಆಗ ಗೊತ್ತಾಯಿತು.

ಅಣ್ಣನಿಗೆ ಔಷಧದ ಎರಡು ಸುತ್ತು ಮುಗಿದಿವೆ, ಇನ್ನೂ ಸುತ್ತುಗಳಿವೆ. ಮೈಯಲ್ಲಿ ರೋಗ ಎಷ್ಟು ಉಳಿದಿದೆಯೆಂದು ಅಳೆಯುವುದಕ್ಕೆ ಅದೇ ಎನ್.ಪಿ.ಎಂ.೧ರ ತಪ್ಪಕ್ಷರವನ್ನೇ ಗುರುತಾಗಿಟ್ಟುಕೊಂಡು ಮತ್ತೆ ಮತ್ತೆ ಪರೀಕ್ಷಿಸುತ್ತಾರೆ. ಹೋದ ವಾರ ಬಂದ ಕಾಗದವನ್ನು ಅಕ್ಕ ನನ್ನ ಕೈಗೆ ಕೊಡುವ ಮೊದಲೇ, ಆ ಸಾಲಿನ ಮೇಲೆ ಬೆರಳಿಟ್ಟು, "ಇದು ಆವತ್ತಿನ ಅಕ್ಷರಗಳೇ ಅಲ್ವೇನಪ್ಪ, ಇಲ್ಲ ಅನ್ನೋದು?" ಎಂದರು. ನೋಡಿದೆ. 'ನಾಟ್ ಡಿಟೆಕ್ಟೆಡ್' ಎಂದೇ ಇತ್ತು.